ಬೊಚೊರ್ನೊ



ನಮ್ಮದು ಪುತ್ತೂರು ಕಡೆಯ ಅಡಿಕೆ ತೋಟದ ಮನೆ. ಐದು ಮಕ್ಕಳಲ್ಲಿ ನಾನೇ ಕೊನೆಯವಳು. ನನಗಾಗ ಹದಿನಾರು ಇರಬೇಕು. ಡಿಸೆಂಬರ್ ತಿಂಗಳ ಒಂದು ರಾತ್ರಿ ನೀರು ಕುಡಿಯಲು ಎದ್ದವಳಿಗೆ ಮುಂಬಾಗಿಲು ತೆರೆದಿರುವುದು ಕಂಡಿತು. ಹೊರಗೆ ಜಗಲಿಯಲ್ಲಿ ಅಮ್ಮ ಕಂಬಕ್ಕೆ ಒರಗಿ ಕೂತಿದ್ದರು. ಪಕ್ಕದಲ್ಲಿ ನೀರಿನ ಚೊಂಬು. ಸೆರಗಿನ ತುದಿಯನ್ನು ಅದರಲ್ಲಿ ಅದ್ದುವುದು, ಹಿಂಡುವುದು, ಕುತ್ತಿಗೆಗೆ ಒತ್ತಿಕೊಳ್ಳುವುದು. ಅಂಗಳದಲ್ಲಿ ಒಣಹಾಕಿದ್ದ ಅಡಿಕೆಯ ಮೇಲೆ ಮಂಜು ಇಳಿಯುತ್ತಿತ್ತು. ನಾನು ಹೊದಿಕೆ ಸುತ್ತಿಕೊಂಡೇ ಹೊರಗೆ ಬಂದಿದ್ದೆ. "ಎಂತಾಯ್ತಮ್ಮಾ?" ಎಂದೆ. "ಎಂತ ಇಲ್ಲ, ಸೆಖೆ. ನೀನು ಹೋಗಿ ಮಲಗು" ಎಂದರು.

ಡಿಸೆಂಬರಿನಲ್ಲಿ ಎಂಥ ಸೆಖೆ ಎಂದು ನಾನು ಕೇಳಲಿಲ್ಲ. ಹೋಗಿ ಮಲಗಿದೆ. ಆ ರಾತ್ರಿಗೆ ಮತ್ತೆ ಬರುತ್ತೇನೆ. ಇವತ್ತು ನಾನು ಹೇಳಬೇಕೆಂದಿರುವುದು ದೂರದ ಒಂದು ಪದದ ವಿಚಾರ. ಪದ ಸ್ಪ್ಯಾನಿಷ್ ಭಾಷೆಯದು: ಬೊಚೊರ್ನೊ. ಬಾಯಿತುಂಬ ಹೇಳಬೇಕಾದ ಪದ ಅದು. ಬೊ-ಚೊರ್-ನೊ.

ನಾನು ಸ್ಪ್ಯಾನಿಷ್ ಕಲಿಯಲು ಹೊರಟದ್ದು ಐವತ್ತು ದಾಟಿದ ಮೇಲೆ. ಮಗಳು ಓದಲು ಸ್ಪೇನಿಗೆ ಹೋದಳು, ಆಮೇಲೆ ಅಲ್ಲೇ ಕೆಲಸ ಹಿಡಿದಳು. ಅವಳ ಬಾಯಲ್ಲಿ ಫೋನಿನಲ್ಲಿ ಆಗಾಗ ಕೇಳಿಬರುವ ಮಾತು ನನಗೂ ತಿಳಿಯಲಿ ಎಂದು ಬೆಂಗಳೂರಿನಲ್ಲಿ ಸಂಜೆ ತರಗತಿಗೆ ಸೇರಿಕೊಂಡೆ. ಎರಡು ವರ್ಷ ಕಲಿತೆ. ಹವಾಮಾನದ ಪಾಠದಲ್ಲಿ ಬಿಸಿಲು, ಚಳಿ, ಮಳೆ, ಗಾಳಿ, ಮಂಜು, ಎಲ್ಲ ಬಂದವು. ಬೊಚೊರ್ನೊ ಬರಲಿಲ್ಲ. ಅದು ಸಿಕ್ಕಿದ್ದು ಸರಗೋಸಾ ಎಂಬ ಊರಲ್ಲಿ, ಒಂದು ಆಗಸ್ಟ್ ತಿಂಗಳ ಕೊನೆಗೆ.

ಸರಗೋಸಾ ಸ್ಪೇನಿನ ಈಶಾನ್ಯ ಭಾಗದಲ್ಲಿ, ಎಬ್ರೊ ನದಿಯ ದಂಡೆಯ ಮೇಲಿದೆ. ಎರಡು ಸಾವಿರ ವರ್ಷ ಹಳೆಯ ಊರು. ರೋಮಿನ ಚಕ್ರವರ್ತಿ ಅಗಸ್ಟಸ್ ಸೀಸರನ ಹೆಸರಿನಲ್ಲಿ ಸೆಸರಾಗಸ್ಟ ಎಂದು ಕಟ್ಟಿದ್ದು. ಅರಬರ ಬಾಯಲ್ಲಿ ಸರಕುಸ್ತ ಆಯಿತು, ಕೊನೆಗೆ ಸರಗೋಸಾ. ನದಿಯ ಪಕ್ಕದಲ್ಲೇ ಪಿಲಾರ್ ಮಾತೆಯ ದೊಡ್ಡ ಬಸಿಲಿಕ. ಅದರ ಗೋಪುರಗಳು ನೀರಿನಲ್ಲಿ ಕಾಣುತ್ತವೆ. ಉತ್ತರಕ್ಕೆ ಪಿರನೀಸ್ ಪರ್ವತ, ದಕ್ಷಿಣಕ್ಕೆ ಐಬೀರಿಯದ ಬೆಟ್ಟಸಾಲು. ಎರಡರ ನಡುವೆ ವಾಯವ್ಯದಿಂದ ಆಗ್ನೇಯಕ್ಕೆ ಉದ್ದಕ್ಕೆ ಚಾಚಿಕೊಂಡ ಕಣಿವೆ. ಈ ಕಣಿವೆಯಲ್ಲಿ ಗಾಳಿಗೆ ಇರುವುದು ಎರಡೇ ದಾರಿ. ಒಂದೋ ನದಿ ಬರುವ ಕಡೆಯಿಂದ ಬರಬೇಕು, ಇಲ್ಲವೇ ನದಿ ಹೋಗುವ ಕಡೆಯಿಂದ.

ಮಗಳು ಬಾಡಿಗೆಗಿದ್ದ ಮನೆಯ ಒಡತಿ ಎಂಬತ್ತು ದಾಟಿದ ಅಜ್ಜಿ. ನಾನು ಹೋದ ಮಾರನೆಯ ದಿನ ಮಧ್ಯಾಹ್ನ ಅವರು ಬಂದು ಕಿಟಕಿಯ ಪೆರ್ಸಿಯಾನ ಇಳಿಸತೊಡಗಿದರು. ಪೆರ್ಸಿಯಾನ ಎಂದರೆ ಪಟ್ಟಿ ಎಳೆದು ಮೇಲೆ ಕೆಳಗೆ ಮಾಡುವ ಸುರುಳಿ ಪರದೆ, ಅಲ್ಲಿನ ಮನೆಮನೆಯಲ್ಲೂ ಇರುತ್ತದೆ. ಇಳಿಸುತ್ತ ಅಜ್ಜಿ ಹೇಳಿದರು, "ಓಯ್ ಆಸೆ ಬೊಚೊರ್ನೊ." ಓಯ್ ಎಂದರೆ ಇವತ್ತು, ಆಸೆ ಎಂದರೆ ಮಾಡುತ್ತದೆ. ಇವತ್ತು ಬೊಚೊರ್ನೊ ಮಾಡುತ್ತಿದೆ. ಮಗಳು "ಸೆಖೆ ಅಂತಿದ್ದಾರೆ ಅಮ್ಮ" ಎಂದಳು. ಅಜ್ಜಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ನನ್ನ ಕೈ ಹಿಡಿದು ಬಾಲ್ಕನಿಗೆ ಕರೆದುಕೊಂಡು ಹೋಗಿ ನದಿ ಹರಿದುಹೋಗುವ ದಿಕ್ಕಿಗೆ ಬೆರಳು ತೋರಿಸಿದರು. ಅಲ್ಲಿಂದ ಬರುತ್ತದೆ, ಸಮುದ್ರದ ಕಡೆಯಿಂದ ಎಂದರು. ಆಮೇಲೆ ತಿರುಗಿ ಎದುರು ದಿಕ್ಕು ತೋರಿಸಿ, ಅಲ್ಲಿಂದ ಬರುವುದು ಸಿಯೆರ್ಸೊ ಎಂದರು.

ಸಿಯೆರ್ಸೊ ಸರಗೋಸಾದವರ ಮನೆಮಾತು. ವಾಯವ್ಯದಿಂದ ನುಗ್ಗಿ ಬರುವ, ಒಣ, ಚುಚ್ಚುವ ಗಾಳಿ. ಕ್ರಿಸ್ತಪೂರ್ವ 195ರಲ್ಲಿ ರೋಮಿನ ಕಾನ್ಸಲ್ ಆಗಿ ಸ್ಪೇನಿಗೆ ಬಂದಿದ್ದ ಕೇಟೊ ಈ ಗಾಳಿಯ ಹೆಸರನ್ನು ಬರೆದಿಟ್ಟಿದ್ದಾನೆ. ಮಾತಾಡಲು ಬಾಯಿ ತೆರೆದರೆ ಬಾಯಿ ತುಂಬುವ, ಆಯುಧ ಹೊತ್ತ ಆಳನ್ನೂ ಸರಕು ಹೇರಿದ ಗಾಡಿಯನ್ನೂ ಉರುಳಿಸುವ ಗಾಳಿ ಎಂಬುದು ಅವನ ಅನುಭವ. ಅದಕ್ಕೆ ಎದುರಾದದ್ದು ಬೊಚೊರ್ನೊ. ಮೆಡಿಟರೇನಿಯನ್ ಸಮುದ್ರದ ಪಸೆ ಹೊತ್ತು, ಕಣಿವೆಯೊಳಗೆ ನದಿಗೆ ಎದುರಾಗಿ ಮೆಲ್ಲಗೆ ಏರಿಬರುವ ಬೆಚ್ಚಗಿನ ಗಾಳಿ. ಸಿಯೆರ್ಸೊ ಬಂದರೆ ಟೊಪ್ಪಿ ಹಿಡಿದುಕೊಳ್ಳಬೇಕು. ಬೊಚೊರ್ನೊ ಬಂದರೆ ಅಂಗಿಯ ಗುಂಡಿ ಬಿಚ್ಚಬೇಕು.

ನಮ್ಮ ಹಳೆಯ ಕವಿಗಳಿಗೆ ತೆಂಕಣ ಗಾಳಿ ಎಂದರೆ ಹಿತ, ತಂಪು, ಗಂಧದ ಕಂಪು. ಎಬ್ರೊ ಕಣಿವೆಯವರಿಗೆ ಆಗ್ನೇಯದ ಗಾಳಿ ಎಂದರೆ ಮೈಗೆ ಅಂಟುವ ಬೆವರು. ಅದಕ್ಕಾಗಿಯೇ ಅಜ್ಜಿ ನನ್ನನ್ನು ಬಾಲ್ಕನಿಗೆ ಕರೆದದ್ದು. ಅವರ ಮಟ್ಟಿಗೆ ಬೊಚೊರ್ನೊಗೆ ಒಂದು ದಿಕ್ಕು ಇತ್ತು, ಅದು ಬರುವ ಒಂದು ದಾರಿ ಇತ್ತು. ಸ್ಪೇನಿನ ಉಳಿದ ಕಡೆಗಳಲ್ಲಿ ಈ ದಿಕ್ಕು ಮರೆತುಹೋಗಿದೆ. ಅಲ್ಲೆಲ್ಲ ಬೊಚೊರ್ನೊ ಎಂದರೆ ಉಸಿರು ಕಟ್ಟಿಸುವ ಸೆಖೆ, ಅಷ್ಟೇ. ಅದರಲ್ಲೂ ಎಲೆ ಅಲುಗದ ಹೊತ್ತಿನ ಸೆಖೆ. ಒಂದು ಗಾಳಿಯ ಹೆಸರು ಗಾಳಿಯೇ ಇಲ್ಲದ ಹೊತ್ತಿನ ಹೆಸರಾಗಿ ಹೋಗಿದೆ! ಇದನ್ನು ತಿಳಿದ ದಿನ ನನಗೆ ಆದ ಸಂತೋಷ ಹೇಳತೀರದು.

ಮ್ಯಾಡ್ರಿಡ್‌ನಲ್ಲಿ ಬೇಸಗೆಯ ಮಧ್ಯಾಹ್ನ 40 ಡಿಗ್ರಿ ಮುಟ್ಟಬಹುದು. ಆದರೆ ಅದು ಒಣಬಿಸಿಲು, ನಮ್ಮ ಕಲಬುರಗಿ ರಾಯಚೂರಿನ ಬಿಸಿಲಿನ ಹಾಗೆ. ಅದಕ್ಕೆ ಅಲ್ಲಿಯವರು ಕಲೋರ್ ಎನ್ನುತ್ತಾರೆ. ಬೊಚೊರ್ನೊ ಬೇಕಾದರೆ ವಲೆನ್ಸಿಯಕ್ಕೋ ಬಾರ್ಸಿಲೋನಕ್ಕೋ ಹೋಗಬೇಕು, ಕಡಲ ಕಡೆಗೆ. ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೇ ತಿಂಗಳಲ್ಲಿ, ಮಳೆ ಇಂದು ಬಂತು ನಾಳೆ ಬಂತು ಎನ್ನುವ ದಿನಗಳಲ್ಲಿ, ಮಂಗಳೂರಿನ ಉಷ್ಣಾಂಶ ನೋಡಿದರೆ 34 ಅಥವಾ 35. ಕಲಬುರಗಿಯವರು ಅದೂ ಒಂದು ಬಿಸಿಲೇ ಎಂದು ಕೇಳಬಹುದು. ಆದರೆ ಸ್ನಾನ ಮಾಡಿ ಬಂದವರ ಬೆನ್ನು ಟವೆಲ್ ಕೆಳಗಿಡುವ ಮೊದಲೇ ಒದ್ದೆಯಾಗಿರುತ್ತದೆ. ನಮ್ಮ ಮೈಯ ಬಿಸಿ ಇಳಿಯುವುದು ಬೆವರು ಬಂದದ್ದರಿಂದಲ್ಲ, ಬಂದ ಬೆವರು ಆರಿದ್ದರಿಂದ. ಒಂದು ಲೀಟರ್ ಬೆವರು ಮೈಮೇಲಿಂದ ಪೂರ್ತಿ ಆರಿದರೆ ಸುಮಾರು 580 ಕಿಲೊಕ್ಯಾಲೊರಿ ಶಾಖವನ್ನು ಜೊತೆಗೆ ಒಯ್ಯುತ್ತದೆ. ಗಾಳಿಯಲ್ಲಿ ಆಗಲೇ ನೀರಿನಂಶ ತುಂಬಿದ್ದರೆ, ಗಾಳಿ ಅಲುಗದೆ ನಿಂತಿದ್ದರೆ, ಬೆವರು ಆರುವುದಿಲ್ಲ, ಸುಮ್ಮನೆ ಇಳಿಯುತ್ತದೆ. ಬಿಸಿ ಒಳಗೇ ಉಳಿಯುತ್ತದೆ. ಹೋಗಲು ದಾರಿ ಸಿಗದ ಬಿಸಿ ಅದು. ಕನ್ನಡದ ಸೆಖೆ, ಸ್ಪ್ಯಾನಿಷ್‌ನ ಬೊಚೊರ್ನೊ, ಎರಡೂ ಹೇಳುವುದು ಇದನ್ನೇ.

ಪದದ ಹುಟ್ಟನ್ನು ಹುಡುಕಿದೆ. ಬೊಚೊರ್ನೊ ಎನ್ನುವಾಗ ಅದರೊಳಗೆ ಬೋಕ ಮತ್ತು ಒರ್ನೊ ಎಂಬ ಎರಡು ಪದ ಕೇಳಿದಂತಾಗುತ್ತದೆ. ಬೋಕ ಎಂದರೆ ಬಾಯಿ, ಒರ್ನೊ ಎಂದರೆ ರೊಟ್ಟಿ ಬೇಯಿಸುವ ಒಲೆ. ಒಲೆಯ ಬಾಯಿ! ಇದೇ ಇರಬೇಕು ಎಂದು ನಾನು ಹಿಗ್ಗಿದ್ದೆ. ಆದರೆ ಅದು ಕಿವಿಗೆ ಹತ್ತಿರ, ನಿಜಕ್ಕೆ ದೂರ. ಪದ ಬಂದಿರುವುದು ಲ್ಯಾಟಿನ್‌ನ ವುಲ್ಟುರ್ನುಸ್ ಎಂಬ ಗಾಳಿಯ ಹೆಸರಿನಿಂದ. ವುಲ್ಟುರ್ನುಸ್ ಎಲ್ಲಿ, ಬೊಚೊರ್ನೊ ಎಲ್ಲಿ ಎನ್ನಿಸುತ್ತದಲ್ಲವೇ? ಆದರೆ ವರ್ಣ ಬಣ್ಣವಾದದ್ದು, ವನ ಬನವಾದದ್ದು, ವಿಧಿ ಬಿದಿಯಾದದ್ದು ಗೊತ್ತಿರುವ ಕನ್ನಡಿಗರಿಗೆ ಮೊದಲ ಅಕ್ಷರದಲ್ಲಿ ಏನೂ ಕಷ್ಟವಿಲ್ಲ. ಇನ್ನು ನಡುವಿನ ಚ. ಲ್ಯಾಟಿನ್‌ನಲ್ಲಿ ಬಹಳ ಎಂಬುದಕ್ಕೆ ಮುಲ್ಟುಂ, ಅದು ಸ್ಪ್ಯಾನಿಷ್‌ನಲ್ಲಿ ಮುಚೊ ಆಯಿತು. ಅದೇ ದಾರಿಯಲ್ಲಿ ವುಲ್ಟುರ್ನುಸ್ ನಡೆದು ಬೊಚೊರ್ನೊ ಆಯಿತು. ನಮ್ಮ ತದ್ಭವಗಳ ಪಾಠ ಓದಿದವರಿಗೆ ಸ್ಪ್ಯಾನಿಷ್ ಅರ್ಧ ಪರಿಚಿತ ಊರಿನ ಹಾಗೆ ಕಾಣುತ್ತದೆ.

ವುಲ್ಟುರ್ನುಸ್ ಗಾಳಿಗೆ ದೊಡ್ಡ ಚರಿತ್ರೆಯೇ ಇದೆ. ಕ್ರಿಸ್ತಪೂರ್ವ 216ರಲ್ಲಿ ಕ್ಯಾನೆ ಎಂಬಲ್ಲಿ ದಂಡನಾಯಕ ಹ್ಯಾನಿಬಲ್ ರೋಮಿನ ಸೇನೆಯನ್ನು ಸುತ್ತುವರಿದು ಮುಗಿಸಿದನಲ್ಲ, ಆ ದಿನ ಈ ಗಾಳಿ ಎದ್ದು ರೋಮನ್ನರ ಮುಖಕ್ಕೆ ಧೂಳು ತುಂಬಿತು ಎಂದು ಇತಿಹಾಸಕಾರ ಲಿವಿ ಬರೆಯುತ್ತಾನೆ. ಆದರೆ ನನ್ನ ಮನಸ್ಸಿಗೆ ಹತ್ತಿರವಾದದ್ದು ಯುದ್ಧದ ಕಥೆಯಲ್ಲ, ಒಬ್ಬ ಕೃಷಿಕನದು. ಮೊದಲ ಶತಮಾನದಲ್ಲಿ ಕೊಲುಮೆಲ್ಲ ಎಂಬ ಬರಹಗಾರನಿದ್ದ. ಸ್ಪೇನಿನ ತೆಂಕಣ ತುದಿಯ ಕಾದಿಸ್ ಅವನ ಹುಟ್ಟೂರು. ಬೇಸಾಯದ ಬಗ್ಗೆ ದೊಡ್ಡ ಗ್ರಂಥ ಬರೆದವನು. ಅವನ ಚಿಕ್ಕಪ್ಪ ಈಗಿನ ಆಂದಲೂಸಿಯ ಸೀಮೆಯಲ್ಲಿ ದ್ರಾಕ್ಷಿ ಬೆಳೆಯುತ್ತಿದ್ದ. ಲುಬ್ಧಕ ನಕ್ಷತ್ರ ಹುಟ್ಟುವ ಬಿರುಬೇಸಗೆಯಲ್ಲಿ ಒಂದು ಗಾಳಿ ಬೀಸುತ್ತಿತ್ತು. ಅದನ್ನು ಅಲ್ಲಿನ ಜನ ವುಲ್ಟುರ್ನುಸ್ ಎನ್ನುತ್ತಿದ್ದರು. ಬೆಂಕಿಯ ಉಸಿರು ತಗುಲಿದಂತೆ ಹಣ್ಣು ಕರಕಲಾಗುತ್ತಿತ್ತು. ಅದಕ್ಕೆ ಆ ಚಿಕ್ಕಪ್ಪ ತಾಳೆಗರಿಯ ಚಾಪೆಗಳನ್ನು ಹೊದಿಸಿ ಬಳ್ಳಿಗಳಿಗೆ ನೆರಳು ಮಾಡುತ್ತಿದ್ದನಂತೆ.

ಇದನ್ನು ಓದಿದಾಗ ನನ್ನ ಅಪ್ಪ ಕಣ್ಣೆದುರು ಬಂದು ನಿಂತರು. ನೈಋತ್ಯದ ಇಳಿಬಿಸಿಲು ಬಡಿದರೆ ಎಳೆಯ ಅಡಿಕೆ ಮರದ ಕಾಂಡ ಕಂದುತ್ತದೆ, ಆಮೇಲೆ ಅಲ್ಲೇ ಬಿರಿಯುತ್ತದೆ, ಗಾಳಿಗೆ ಅಲ್ಲೇ ಮುರಿಯುತ್ತದೆ. ತೋಟದ ಅಂಚಿನ ಸಾಲಿನಲ್ಲಿ ಒಂದೊಂದು ಮರದ ಮುಂದೆಯೂ ಕುಕ್ಕರಗಾಲಲ್ಲಿ ಕೂತು ಅಪ್ಪ ಒಣಸೋಗೆ ಸುತ್ತಿ ಹಗ್ಗ ಬಿಗಿಯುತ್ತಿದ್ದರು. ಹಗ್ಗ ಕಾಂಡವನ್ನು ಕೊರೆಯಬಾರದು, ಸೋಗೆ ಜಾರಲೂ ಬಾರದು. ಗಂಟು ಹಾಕಿದ ಮೇಲೆ ಅಂಗೈಯಿಂದ ಒಮ್ಮೆ ತಟ್ಟುವುದು ಅವರ ರೂಢಿ, ಕರುವಿನ ಬೆನ್ನು ತಟ್ಟಿದ ಹಾಗೆ. ಹೀಗೆ ಬಿಸಿಗೆ ಗಿಡ ಸೊರಗುವುದಕ್ಕೂ ಸ್ಪ್ಯಾನಿಷ್‌ನಲ್ಲಿ ಅದೇ ಪದದಿಂದ ಹುಟ್ಟಿದ ಕ್ರಿಯಾಪದವಿದೆ: ಅಬೊಚೊರ್ನಾರ್ಸೆ. ಮನುಷ್ಯರು ಅವಮಾನದಿಂದ ಕಂದಿದರೂ ಅದೇ ಕ್ರಿಯಾಪದ.

ಇಲ್ಲಿಗೆ ಪದ ಹವಾಮಾನದಿಂದ ಮನುಷ್ಯನ ಮುಖಕ್ಕೆ ಬಂತು.

ಸರಗೋಸಾದ ಒಂದು ಬೆಳಗ್ಗೆ ಮಗಳ ಜೊತೆ ಕಾಫಿ ಕುಡಿಯಲು ಹೋಗಿದ್ದೆ. ಕಟ್ಟೆಯ ಮೇಲೆ ಪತ್ರಿಕೆ ಬಿದ್ದಿತ್ತು. ಇಡೀ ಪುಟದ ಅಗಲಕ್ಕೆ ದಪ್ಪಕ್ಷರದಲ್ಲಿ ಒಂದೇ ಪದ: ಬೊಚೊರ್ನೊ. ಇಷ್ಟು ದೊಡ್ಡ ಸುದ್ದಿಯಾಗುವಷ್ಟು ಸೆಖೆಯೇ ಎಂದುಕೊಂಡೆ. ಕೆಳಗಿನ ಚಿತ್ರದಲ್ಲಿ ಫುಟ್‌ಬಾಲ್ ಆಟಗಾರರು ತಲೆಯ ಮೇಲೆ ಕೈಹೊತ್ತು ನಿಂತಿದ್ದರು. ಸೋಲಬಾರದ ತಂಡದ ಎದುರು ಸೋಲಬಾರದ ರೀತಿಯಲ್ಲಿ ಸೋತಿದ್ದರು. ಕನ್ನಡ ಪತ್ರಿಕೆಯಾದರೆ ಮುಖಭಂಗ ಎಂದು ಬರೆಯುತ್ತಿತ್ತು. ಸಂಸತ್ತಿನಲ್ಲಿ ಜನಪ್ರತಿನಿಧಿಗಳು ಕಿರುಚಾಡಿದರೂ ಅಲ್ಲಿ ಬೊಚೊರ್ನೊಸೊ ಎನ್ನುತ್ತಾರೆ. ನಮ್ಮಲ್ಲಿ ನಾಚಿಕೆಗೇಡು. ತುಂಬಿದ ಸಭೆಯಲ್ಲಿ ಹೆಸರು ಮರೆತು ತಬ್ಬಿಬ್ಬಾದವರು ಮನೆಗೆ ಬಂದು ಹೇಳುವುದು, "ಕೆ ಬೊಚೊರ್ನೊ!" ಎಂಥ ಸೆಖೆ, ಎಂಥ ಮುಜುಗರ, ಎರಡಕ್ಕೂ ಒಂದೇ ಉದ್ಗಾರ. ಕಿಟಕಿ ತೆರೆಯುತ್ತ ಹೇಳಿದರೆ ಮೊದಲನೆಯದು, ಮುಖ ಮುಚ್ಚಿಕೊಂಡು ಹೇಳಿದರೆ ಎರಡನೆಯದು.

1713ರಲ್ಲಿ ಸ್ಥಾಪನೆಯಾದ ಸ್ಪ್ಯಾನಿಷ್ ಭಾಷಾ ಅಕಾಡೆಮಿಯ ನಿಘಂಟನ್ನು ತೆರೆದರೆ ಬೇಸಗೆಯ ಬಿಸಿಗಾಳಿ, ಉಸಿರುಗಟ್ಟಿಸುವ ಧಗೆ, ಅವಮಾನವಾದಾಗ ಅಥವಾ ನಾಚಿದಾಗ ಮುಖಕ್ಕೇರುವ ಬಿಸಿ, ಎಲ್ಲ ಒಂದೇ ಪದದ ಕೆಳಗೆ ಸಿಗುತ್ತವೆ. ಬೇರೆ ಹವಾಮಾನದ ಪದಗಳಿಗೂ ಹೀಗೆ ಎರಡನೆಯ ಬಾಳು ಉಂಟು. ರಭಸದ ಮಳೆಗೆ ಚಪರ್ರೋನ್ ಎನ್ನುತ್ತಾರೆ, ಬೈಗುಳದ ಸುರಿಮಳೆಯನ್ನು ಬಾಯಿಮುಚ್ಚಿ ಸಹಿಸಿಕೊಳ್ಳುವುದಕ್ಕೆ ಚಪರ್ರೋನ್ ತಾಳಿಕೊಳ್ಳುವುದು ಎನ್ನುತ್ತಾರೆ. ಪೆಟ್ಟಿನ ಮೇಲೆ ಪೆಟ್ಟು ಬಿದ್ದರೆ ಒದ್ದೆ ನೆಲದ ಮೇಲೆಯೇ ಮಳೆ ಎನ್ನುತ್ತಾರೆ. ಇವೆಲ್ಲ ನಮಗೂ ಸುಲಭವಾಗಿ ಹೊಳೆಯುವಂಥವು. ಸೆಖೆಯನ್ನು ನಾಚಿಕೆಗೆ ಕೊಂಡೊಯ್ದದ್ದು ಮಾತ್ರ ನನಗೆ ಹೊಸತು.

ನಾವು ಕನ್ನಡಿಗರು ನಾಚಿದರೆ ನೀರಾಗುತ್ತೇವೆ. ನಾಚಿ ನೀರಾದಳು ಎನ್ನುತ್ತೇವೆ. ಯಾರನ್ನಾದರೂ ತರಾಟೆಗೆ ತೆಗೆದುಕೊಂಡರೆ ಬೆವರಿಳಿಸಿದರು, ನೀರಿಳಿಸಿದರು ಎನ್ನುತ್ತೇವೆ. ಸ್ಪ್ಯಾನಿಷ್‌ನವರು ಬಿಸಿಯನ್ನು ನೋಡಿದರು, ನಾವು ಆ ಬಿಸಿಯಿಂದ ಇಳಿದ ನೀರನ್ನು ನೋಡಿದೆವು. ಇನ್ನೊಂದು ಕಡೆ ಇಬ್ಬರೂ ಒಂದೇ ಜಾಗಕ್ಕೆ ಬಂದು ಸೇರುತ್ತೇವೆ. ತಡೆಯಲಾಗದ ಅವಮಾನವಾದಾಗ ನಾವು ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನುತ್ತೇವೆ. ಅವರು ಹೇಳುವುದು, "ತಿಯೆರ್ರ, ತ್ರಾಗಾಮೆ." ಭೂಮಿಯೇ, ನನ್ನನ್ನು ನುಂಗು. ಸೀತೆಯ ಕಥೆ ಕೇಳದ ನಾಡಿನಲ್ಲೂ ಹೆಂಗಸರು ಗಂಡಸರು ಇದೇ ಮಾತು ಆಡುತ್ತಾರೆ ಎಂದು ತಿಳಿದಾಗ ನನಗೆ ಮೈ ಜುಮ್ಮೆಂದಿತು.

ಚಾರ್ಲ್ಸ್ ಡಾರ್ವಿನ್ 1872ರಲ್ಲಿ ಭಾವಗಳ ಬಗ್ಗೆ ಒಂದು ಪುಸ್ತಕ ಬರೆದ. ಅದರಲ್ಲಿ ಮುಖ ಕೆಂಪೇರುವುದಕ್ಕೇ ಒಂದು ಅಧ್ಯಾಯ ಮೀಸಲಿದೆ. ಎಲ್ಲ ಭಾವಗಳ ಪೈಕಿ ಮನುಷ್ಯನಿಗೇ ಮೀಸಲಾದದ್ದು ಇದು ಎಂದು ಅವನು ತಿಳಿದಿದ್ದ. ಕಪ್ಪು ಮೈಬಣ್ಣದ ಜನರೂ ಕೆಂಪೇರುತ್ತಾರೆಯೇ ಎಂದು ದೇಶದೇಶಗಳಲ್ಲಿದ್ದವರಿಗೆ ಕಾಗದ ಬರೆದು ಕೇಳಿ ತಿಳಿದುಕೊಂಡಿದ್ದ. ನಾಚಿಕೆಯಾದಾಗ ಮುಖದ ಚರ್ಮದ ಸಣ್ಣ ರಕ್ತನಾಳಗಳು ಹಿಗ್ಗುತ್ತವೆ, ರಕ್ತ ನುಗ್ಗುತ್ತದೆ. ನಮ್ಮಂಥ ಕಂದು ಮೈಯವರಲ್ಲಿ ಅದು ಹೊರಗೆ ಅಷ್ಟಾಗಿ ಕಾಣದಿರಬಹುದು, ಒಳಗಿನ ಬಿಸಿ ಅಷ್ಟೇ ಇರುತ್ತದೆ. ಕಿವಿಯ ತುದಿ ಸುಡುತ್ತದೆ, ಕೆನ್ನೆ ಕಾಯುತ್ತದೆ. ಆದ್ದರಿಂದ ಕೆಂಪಾದೆ ಎನ್ನುವ ಮಾತಿಗಿಂತ ಬೊಚೊರ್ನೊ ಎನ್ನುವ ಮಾತು ನನ್ನ ಮೈಗೆ ಹೆಚ್ಚು ಹೊಂದುತ್ತದೆ. ಕೆಂಪು ಎನ್ನುವುದು ನೋಡುವವರ ಮಾತು. ಬೊಚೊರ್ನೊ ಅನುಭವಿಸುವವರ ಮಾತು.

ಇನ್ನೊಂದು ಸಂಗತಿಯನ್ನು ಸ್ಪ್ಯಾನಿಷ್ ಕಲಿಯುತ್ತಿರುವ ಕನ್ನಡದ ಮಕ್ಕಳಿಗಾಗಿಯೇ ಹೇಳುತ್ತೇನೆ. ನಾಚಿಕೆಯಾಗುತ್ತದೆ ಎನ್ನಲು ಸ್ಪ್ಯಾನಿಷ್‌ನಲ್ಲಿ "ಮೆ ದಾ ಬೊಚೊರ್ನೊ" ಎನ್ನುತ್ತಾರೆ. ಮೆ ಎಂದರೆ ನನಗೆ. ದಾ ಎಂದರೆ ಕೊಡುತ್ತದೆ. ನಾನು ಅಲ್ಲ, ನನಗೆ. ಇಂಗ್ಲಿಷಿನ ಮೂಲಕ ಕಲಿಯುವವರು ಇಲ್ಲಿ ಮುಗ್ಗರಿಸುತ್ತಾರೆ, ನಾನೂ ತಿಂಗಳುಗಟ್ಟಲೆ ಮುಗ್ಗರಿಸಿದೆ. ಇಂಗ್ಲಿಷಿನಲ್ಲಿ ನಾಚಿದವಳು ನಾನೇ, ಇಷ್ಟಪಡುವವಳು ನಾನೇ, ಎಲ್ಲಕ್ಕೂ ನಾನೇ ಕರ್ತೃ. ಕನ್ನಡದಲ್ಲಿ ಹಾಗಿಲ್ಲವಲ್ಲ! ನನಗೆ ಸೆಖೆಯಾಗುತ್ತದೆ. ನನಗೆ ನಾಚಿಕೆಯಾಗುತ್ತದೆ. ನನಗೆ ಇಷ್ಟ, ನನಗೆ ಬೇಸರ, ನನಗೆ ಹಸಿವು. ಇವೆಲ್ಲ ಹೊರಗಿನಿಂದ ನನ್ನ ಬಳಿಗೆ ಬರುತ್ತವೆ, ಮಳೆ ಬಂದ ಹಾಗೆ. ಇಂಗ್ಲಿಷನ್ನು ಪಕ್ಕಕ್ಕಿಟ್ಟು ಕನ್ನಡದಿಂದ ನೇರವಾಗಿ ಸ್ಪ್ಯಾನಿಷ್‌ಗೆ ಕಾಲಿಟ್ಟ ದಿನ ಆ ಪಾಠ ನನಗೆ ಒಂದೇ ಗಳಿಗೆಯಲ್ಲಿ ಅರ್ಥವಾಯಿತು. ನಮ್ಮ ವ್ಯಾಕರಣದಲ್ಲಿ ಚತುರ್ಥೀ ವಿಭಕ್ತಿ ಎಂದು ಓದಿದ್ದು ಅಷ್ಟು ದೂರದಲ್ಲಿ ಕೈಹಿಡಿಯಿತು.

ಈಗ ನನ್ನ ಒಂದು ಅನುಭವ. ಹೇಳಲೋ ಬೇಡವೋ ಎಂದು ಯೋಚಿಸಿಯೇ ಬಂದಿದ್ದೇನೆ.

ನಾನು ಮೂವತ್ತು ವರ್ಷ ಲೆಕ್ಕಪತ್ರದ ಕೆಲಸದಲ್ಲಿದ್ದವಳು. ನನಗೆ ನಲವತ್ತೊಂಬತ್ತು ನಡೆಯುತ್ತಿದ್ದಾಗ ಒಂದು ಮಧ್ಯಾಹ್ನ ಸಭೆಯಲ್ಲಿ ವರ್ಷದ ಲೆಕ್ಕ ಒಪ್ಪಿಸುತ್ತಿದ್ದೆ. ಹದಿನೈದು ಜನ ಸುತ್ತ ಕೂತಿದ್ದರು. ತಲೆಯ ಮೇಲೆ ಏಸಿ ತಣ್ಣಗೆ ಬೀಸುತ್ತಿತ್ತು. ಎದೆಯ ಮಧ್ಯದಿಂದ ಏನೋ ಒಂದು ಹೊತ್ತಿಕೊಂಡು ಕುತ್ತಿಗೆಗೆ ಏರಿತು, ಕೆನ್ನೆಗೆ, ಕಿವಿಗೆ, ನೆತ್ತಿಗೆ. ಹಣೆಯಿಂದ ಬೆವರಿನ ಒಂದು ಹನಿ ಕೈಯಲ್ಲಿದ್ದ ಹಾಳೆಯ ಮೇಲೆ ಬಿತ್ತು. ಶಾಯಿಯಲ್ಲಿ ಬರೆದುಕೊಂಡಿದ್ದ ಅಂಕಿ ಅದು. ಒಂದು ಸೊನ್ನೆ ಅರಳಿ ನೀಲಿ ಹೂವಿನಂತಾಯಿತು. ನಾನು ಅದನ್ನೇ ನೋಡುತ್ತ ನಿಂತೆ. ಮುಂದಿನ ಅಂಕಿ ಬಾಯಿಗೆ ಬರಲಿಲ್ಲ. ಎದುರು ಕೂತಿದ್ದ ಮೇಲಧಿಕಾರಿ, "ಯಾಕಮ್ಮಾ ಇಷ್ಟು ಬೆವರ್ತಾ ಇದ್ದೀರಿ? ಲೆಕ್ಕದಲ್ಲಿ ಏನಾದ್ರೂ ಮುಚ್ಚಿಟ್ಟಿದ್ದೀರಾ?" ಎಂದರು. ನಾಲ್ಕೈದು ಜನ ನಕ್ಕರು. ಲೆಕ್ಕ ಒಂದು ಪೈಸೆಯಷ್ಟೂ ತಪ್ಪಿರಲಿಲ್ಲ. ಒಳಗಿನಿಂದ ಎದ್ದ ಬಿಸಿಯ ಮೇಲೆ ಆ ನಗೆಯಿಂದ ಎದ್ದ ಬಿಸಿ. ಯಾವುದು ಎಲ್ಲಿ ಮುಗಿಯಿತು, ಯಾವುದು ಎಲ್ಲಿ ಶುರುವಾಯಿತು ಎಂದು ನನಗೇ ತಿಳಿಯಲಿಲ್ಲ. "ಜ್ವರ ಇದೆ ಸರ್" ಎಂದು ಸುಳ್ಳು ಹೇಳಿ ಕೂತೆ.

ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಹೆಂಗಸರ ಮೈಯಲ್ಲಿ ಹೀಗೆ ಬಿಸಿ ಏಳುತ್ತದೆ. ಈಸ್ಟ್ರೊಜೆನ್ ಎಂಬ ಹಾರ್ಮೋನು ಇಳಿಯುತ್ತ ಹೋದಂತೆ, ಮೈಯ ಶಾಖವನ್ನು ಹದದಲ್ಲಿಡುವ ಮೆದುಳಿನ ಭಾಗ ತೀರ ಸೂಕ್ಷ್ಮವಾಗಿಬಿಡುತ್ತದೆ. ಎಳ್ಳಷ್ಟು ಬಿಸಿ ಏರಿದರೂ ಮೈ ಸುಡುತ್ತಿದೆ ಎಂದು ಗಾಬರಿಪಟ್ಟು ಬೆವರಿಗೆ ಅಪ್ಪಣೆ ಕೊಡುತ್ತದೆ. ಕೆಲವು ನಿಮಿಷ, ಆಮೇಲೆ ಇಳಿದುಹೋಗುತ್ತದೆ, ಕೆಲವೊಮ್ಮೆ ಚಳಿಯನ್ನು ಬಿಟ್ಟುಹೋಗುತ್ತದೆ. ಇದನ್ನು ನಾನು ಓದಿ ತಿಳಿದದ್ದು ಆಮೇಲೆ. ಆಗ ನನಗೆ ಗೊತ್ತಿದ್ದದ್ದು ಇದು ಬಾಯಿಬಿಟ್ಟು ಹೇಳುವಂಥದ್ದಲ್ಲ ಎಂಬುದೊಂದೇ. ವೈದ್ಯರು ಇಂಗ್ಲಿಷ್ ಹೆಸರು ಹೇಳುತ್ತಾರೆ. ನಾಲ್ಕು ಜನರ ನಡುವೆ, ತಲೆನೋವು ಎಂದಷ್ಟು ಸಲೀಸಾಗಿ ಹೇಳಿಬಿಡಬಹುದಾದ ಒಂದು ಪದ ನನ್ನ ಕೈಗೆ ಸಿಕ್ಕಿರಲಿಲ್ಲ.

ಅದು ಸಿಕ್ಕಿದ್ದು ಸರಗೋಸಾದ ಆ ಅಜ್ಜಿಯ ಊಟದ ಮೇಜಿನಲ್ಲಿ. ಹಿಂತಿರುಗುವ ಮುನ್ನಾದಿನ ಊಟಕ್ಕೆ ಕರೆದಿದ್ದರು. ಕೆಳಮಹಡಿಯಲ್ಲಿದ್ದ ಮೆಕ್ಸಿಕೋದ ಒಬ್ಬಾಕೆಯೂ ಬಂದಿದ್ದರು, ಹೆಚ್ಚುಕಡಿಮೆ ನನ್ನದೇ ವಯಸ್ಸು. ಆ ದಿನ ಸಿಯೆರ್ಸೊ ಬೀಸಿ ಊರೆಲ್ಲ ತಂಪಾಗಿತ್ತು, ಕಿಟಕಿಗಳು ತೆರೆದಿದ್ದವು. ಊಟ ಮುಗಿದು ಮಾತು ನಡೆಯುತ್ತಿದ್ದಾಗ ನನಗೆ ಮತ್ತೆ ಅದೇ. ಎದೆ, ಕುತ್ತಿಗೆ, ಕಿವಿ. ಕಾಗದದ ಕರವಸ್ತ್ರ ತೆಗೆದು ಯಾರಿಗೂ ಕಾಣದಂತೆ ಹಣೆ ಒತ್ತಿಕೊಂಡೆ. ಮೆಕ್ಸಿಕೋದಾಕೆ ನೋಡಿಬಿಟ್ಟರು. ಮೇಜಿನ ಆಚೆಯಿಂದ, ಎಲ್ಲರಿಗೂ ಕೇಳುವ ಹಾಗೆ, ಉಪ್ಪು ಬೇಕೇ ಎಂದು ಕೇಳುವ ದನಿಯಲ್ಲಿ ಕೇಳಿದರು: "ಬೊಚೊರ್ನೊಸ್?"

ಬಹುವಚನ. ನನಗೆ ಗೊಂದಲವಾಯಿತು. ಹವೆಯ ಮಾತಿರಬೇಕೆಂದು ಕಿಟಕಿಯ ಕಡೆ ನೋಡಿ ಇಲ್ಲ ಎಂದೆ. ಆಕೆ ನಕ್ಕು ತಮ್ಮ ಎದೆಯ ಮೇಲೆ ಕೈಯಿಟ್ಟು, ಬೆರಳುಗಳನ್ನು ಜ್ವಾಲೆಯ ಹಾಗೆ ಮೇಲಕ್ಕೆ ಆಡಿಸಿ ಮುಖದ ತನಕ ತಂದರು. ಮೆಕ್ಸಿಕೋದಲ್ಲಿ ಇದಕ್ಕೆ ಬೊಚೊರ್ನೊಸ್ ಎಂದೇ ಹೆಸರಂತೆ. ಅಜ್ಜಿ ನಡುವೆ ಬಾಯಿಹಾಕಿ, ನಮ್ಮಲ್ಲಿ ಸೊಫೋಕೊಸ್ ಎನ್ನುತ್ತೇವೆ ಎಂದರು. ಇಬ್ಬರಿಗೂ ಯಾವುದು ಸರಿ ಎಂದು ಅಲ್ಲೇ ಚರ್ಚೆ ಹತ್ತಿತು. ಆಕೆಗೆ ದಿನಕ್ಕೆ ಎಷ್ಟು ಸಲ ಬರುತ್ತಿತ್ತು, ಅಜ್ಜಿಗೆ ಎಷ್ಟು ವರ್ಷ ಕಾಡಿತು, ಎಲ್ಲ ಬಂತು. ಅಜ್ಜಿಯ ಮೊಮ್ಮಗ, ಇಪ್ಪತ್ತರ ಹುಡುಗ, ಹಣ್ಣು ಕತ್ತರಿಸುತ್ತ ಕೇಳುತ್ತಲೇ ಇದ್ದ. ಎದ್ದು ಹೋಗಲಿಲ್ಲ, ತಲೆ ತಗ್ಗಿಸಲಿಲ್ಲ. ಅಜ್ಜಿ ತಮ್ಮ ಮಡಚುವ ಬೀಸಣಿಗೆಯನ್ನು ಪಟ್ಟನೆ ಬಿಚ್ಚಿ ನನ್ನ ಕೈಗೆ ಕೊಟ್ಟರು. ಮರದ ಕಡ್ಡಿ, ಕಪ್ಪು ಬಟ್ಟೆ, ಅಂಚು ಸವೆದಿತ್ತು. ಅದು ಈಗಲೂ ನನ್ನ ಬಳಿ ಇದೆ.

ನಾನು ಬೀಸಿಕೊಳ್ಳುತ್ತ ಕೂತೆ. ಸೆಖೆಗೂ ಅವಮಾನಕ್ಕೂ ಇದಕ್ಕೂ ಒಂದೇ ಪದ. ಆ ಸಭೆಯಲ್ಲಿ ನನಗೆ ಆದದ್ದು ಏನೆಂದು ಹೇಳಲು ಇಷ್ಟು ವರ್ಷ ನನ್ನ ಬಳಿ ಮಾತಿರಲಿಲ್ಲ. ಮೂರೂ ಒಟ್ಟಿಗೆ ಆಗಿತ್ತು, ಮೂರನ್ನೂ ಹಿಡಿಯುವ ಒಂದು ಪದ ಇಲ್ಲಿತ್ತು.

ಆಗ ಆ ಡಿಸೆಂಬರ್ ರಾತ್ರಿ ನೆನಪಾಯಿತು. ಚೊಂಬಿನ ನೀರು, ಒದ್ದೆ ಸೆರಗು, ಮಂಜು ಬಿದ್ದ ಅಡಿಕೆ. ಲೆಕ್ಕ ಹಾಕಿದೆ. ಅಮ್ಮನಿಗೆ ಆಗ ನಲವತ್ತೆಂಟು.

ಊರಿಗೆ ಬಂದವಳು ಮೊದಲು ಪುತ್ತೂರಿಗೇ ಹೋದೆ. ಅಮ್ಮನಿಗೆ ಈಗ ಎಂಬತ್ತೆಂಟು, ಕಿವಿ ಸ್ವಲ್ಪ ಮಂದ. ಅದೇ ಜಗಲಿಯಲ್ಲಿ ಕೂತು ಅಜ್ಜಿಯ ಕಥೆ, ನದಿಯ ಕಥೆ, ಬೀಸಣಿಗೆಯ ಕಥೆ ಎಲ್ಲ ಹೇಳಿದೆ. ಪದವನ್ನು ಎರಡು ಸಲ ಹೇಳಿಸಿಕೊಂಡರು. ಬೀಸಣಿಗೆಯನ್ನು ಬಿಚ್ಚಿ, ಮಡಚಿ, ಮತ್ತೆ ಬಿಚ್ಚಿ ನೋಡಿದರು. ಆಮೇಲೆ ಕೇಳಿದೆ, "ಅಮ್ಮಾ, ಆವತ್ತು ರಾತ್ರಿ ನೀವು ಇಲ್ಲಿ ಕೂತದ್ದು ಅದಕ್ಕೇ ಅಲ್ಲವಾ? ಸೆಖೆ ಅಂತ ಯಾಕೆ ಹೇಳಿದಿರಿ?"

ಅಮ್ಮ ಬೀಸಣಿಗೆ ನಿಲ್ಲಿಸಿ ಅಂಗಳದ ಕಡೆ ನೋಡಿದರು.

"ಮತ್ತೆ ಎಂತ ಹೇಳುವುದು? ನನ್ನ ಅತ್ತೆಯೂ ಹಾಗೇ ಹೊರಗೆ ಬಂದು ಕೂರುತ್ತಿದ್ದರು. ನಾನು ಕೇಳಿದರೆ ಸೆಖೆ ಅಂತಲೇ ಹೇಳುತ್ತಿದ್ದರು. ನಾನು ಸೆಖೆ ಅಂತಲೇ ತಿಳಿದುಕೊಂಡಿದ್ದೆ."